ನಾಯಿ ಡಾಕ್ಟ್ರಾ, ದನದ ಡಾಕ್ಟ್ರಾ?

ಕಳೆದ ವರ್ಷ ಶ್ರಾವಣ ಮುಗಿಯೋ ಹೊತ್ತಿಗೆ ನನ್ನ ಚಿಕ್ಕಪ್ಪನ ಮಗಳನ್ನು ನೋಡೋಕೆ ಬೆಂಗಳೂರಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗ ನನ್ನ ಜಾತಿಯವನೇ. ಅಂದರೆ ಸಾಫ್ಟ್‌ವೇರು. ಸರ್ಜಾಪುರ ರಸ್ತೆಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು, ಅದರ ಇಎಂಐ, ಒಂದು ಲ್ಯಾಬ್ರಡಾರ್ ನಾಯಿ. ನಾನು ಬೆಂಗಳೂರಲ್ಲಿರೋ ಅಣ್ಣ ಅನ್ನೋ ಕಾರಣಕ್ಕೆ, ಮಾತಾಡಿಸೋಕೆ ಒಬ್ಬ ಇರ್ಲಿ ಅಂತ ಚಿಕ್ಕಪ್ಪ ನನ್ನನ್ನೂ ಕರೆಸಿದ್ದರು. ಉಪ್ಪಿಟ್ಟು ಕೇಸರಿಬಾತು ಆಯಿತು. ಹುಡುಗನ ತಾಯಿ ಕಾಫಿ ಲೋಟ ಕೆಳಗಿಟ್ಟು ಕೇಳಿದರು, "ಡಾಕ್ಟ್ರು ಅಂತ ಜಾತಕದ ಜೊತೆ ಬರೆದಿದ್ರಿ. ನಾಯಿ ಡಾಕ್ಟ್ರಾ, ದನದ ಡಾಕ್ಟ್ರಾ?"

"ಎರಡೂ ಆಂಟಿ. ಕುರಿ, ಮೇಕೆ, ಎಮ್ಮೆ, ಕೋಳಿ, ಬೆಕ್ಕು, ಬಂದಿದ್ದೆಲ್ಲಾ ನೋಡ್ತೀನಿ" ಅಂದಳು ತಂಗಿ.

ಜೊತೆಗೆ ಬಂದಿದ್ದ ಇನ್ನೊಬ್ಬ ಹೆಂಗಸು, ಹುಡುಗನ ಸೋದರತ್ತೆ ಇರಬೇಕು, ದನಿ ತಗ್ಗಿಸಿ, "ಅದೇ... ಹಸು ಹಿಂದೆ ನಿಂತ್ಕೊಂಡು ಒಳಗೆ ಕೈ ಹಾಕ್ತಾರಲ್ಲಮ್ಮ, ಅದೂ ನೀನೇ ಮಾಡ್ತೀಯಾ?" ಅಂದರು.

"ಹೂಂ, ದಿನಾ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಎಲ್ಲರ ಕಣ್ಣೂ ಅವಳ ಬಲಗೈ ಮೇಲೆ. ಈಗ ತಾನೇ ಆ ಕೈಯಲ್ಲೇ ಕಾಫಿ ಕೊಟ್ಟಿದ್ದಳಲ್ಲ. (ಒಳಗೆ ಹಾಕೋದು ಎಡಗೈ ಅಂತ ನನಗೂ ಆಮೇಲೆ ಗೊತ್ತಾಗಿದ್ದು.) ಹುಡುಗ ಒಳ್ಳೆಯವನೇ, ಸಹಾಯ ಮಾಡೋ ದನಿಯಲ್ಲಿ, "ಮದುವೆ ಆದ್ಮೇಲೆ ಬೆಂಗಳೂರಲ್ಲಿ ಪೆಟ್ ಕ್ಲಿನಿಕ್ ಮಾಡ್ಬಹುದು, ಒಳ್ಳೆ ಸ್ಕೋಪ್ ಇದೆ" ಅಂದ. ಅವರ ಕಡೆಯ ಯಾರೋ ಹಿರಿಯರು, "ನಮ್ಮ ಹುಡುಗನ್ನೂ ಮೂಗುದಾರ ಹಾಕಿ ಹಿಡ್ಕೊಳ್ತಾಳೆ ಬಿಡ್ರೀ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ನಗುವಿನ ಮೇಲೆ ನನಗೇ ಸಿಟ್ಟು ಬಂದು ಇದನ್ನು ಬರೀತಿದ್ದೀನಿ. ಸಂಬಂಧ ಕೂಡಿ ಬರಲಿಲ್ಲ, ಅದು ಬಿಡಿ. ಜಾತಕವೂ ಕೂಡಿರಲಿಲ್ಲವಂತೆ.

ಅವಳ ಹೆಸರು ಇಲ್ಲಿ ಬೇಡ. ಕೆಲಸ ಮಾಡೋ ಕಡೆ ಎಲ್ಲರೂ ಡಾಕ್ಟ್ರಮ್ಮ ಅಂತಾರೆ, ನಾನೂ ಹಾಗೇ ಕರೀತೀನಿ. ಪಿಯುಸಿ ಆದಮೇಲೆ ಸಿಇಟಿ ಬರೆದು, ರೈತರ ಮಕ್ಕಳ ಕೋಟಾದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬೀಜ ಯಾವುದು ಗೊಬ್ಬರ ಯಾವುದು ಅಂತ ಗುರುತಿಸಿ ಸೀಟು ತಗೊಂಡವಳು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ನಾನು ನಾಲ್ಕು ವರ್ಷದ ಬಿಇಯನ್ನು ಹಿಂದಿನ ರಾತ್ರಿ ಜೆರಾಕ್ಸ್ ಓದಿ ಮುಗಿಸಿದವನು. ಎಂಬಿಬಿಎಸ್‌ನವರು ಒಂದೇ ಥರದ ಪ್ರಾಣಿಯನ್ನು ಓದ್ತಾರೆ, ಅದೂ ಎಲ್ಲಿ ನೋವು ಅಂತ ಬಾಯಿಬಿಟ್ಟು ಹೇಳುತ್ತೆ. ಇವಳು ಓದಿದ್ದು ನಾಲ್ಕು ಕೋಣೆಯ ಹೊಟ್ಟೆ ಇರೋ ಹಸು, ವಾಂತಿ ಮಾಡೋಕೇ ಬರದ ಕುದುರೆ, ನಾವು ಜ್ವರಕ್ಕೆ ನುಂಗೋ ಪ್ಯಾರಾಸಿಟಮಾಲ್ ಕೊಟ್ಟರೆ ಸತ್ತೇ ಹೋಗಬಹುದಾದ ಬೆಕ್ಕು. ಮಂಪರು ಬರಿಸೋ ಕ್ಸೈಲಜಿನ್ ಅನ್ನೋ ಔಷಧಿ ಕುದುರೆಗೆ ಎಷ್ಟು ಬೇಕೋ ಅದರ ಹತ್ತರಲ್ಲಿ ಒಂದು ಪಾಲು ದನಕ್ಕೆ ಸಾಕು. ತಪ್ಪಿದರೆ ದನ ಏಳಲ್ಲ. ಅವಳು ಕೆಲಸಕ್ಕೆ ಸೇರಿ ಒಂದೂವರೆ ವರ್ಷವೂ ಆಗಿರಲಿಲ್ಲ, ಗುತ್ತಿಗೆ ಮೇಲೆ. ನಮ್ಮ ತೆಂಗಿನ ಸೀಮೆಯ ಒಂದು ಹೋಬಳಿ. ಪಕ್ಕದ ಆಸ್ಪತ್ರೆಯಲ್ಲಿ ಡಾಕ್ಟ್ರು ಇಲ್ಲ, ಅದಕ್ಕೂ ಇವಳೇ ಪ್ರಭಾರ.

ಆಯುಧಪೂಜೆ ರಜೆಗೆ ಊರಿಗೆ ಹೋದವನು ಎರಡು ದಿನ ಅವಳ ಹಿಂದೆ ಸುತ್ತಿದೆ. ಮೊದಲನೇ ದಿನದ ಕತೆ ಮಾತ್ರ ಹೇಳ್ತೀನಿ.

ಬೆಳಿಗ್ಗೆ ಐದೂವರೆ. ಕಾಲುಬಾಯಿ ಜ್ವರದ ಲಸಿಕೆ ನಡೀತಿತ್ತು. ದನ ಮೇಯೋಕೆ ಬಿಡೋದರೊಳಗೆ ಹಾಕಬೇಕು, ಅದಕ್ಕೇ ಕತ್ತಲಲ್ಲೇ ಹೊರಡೋದು. ಸ್ಕೂಟಿ ಮುಂದೆ ಐಸ್ ಪ್ಯಾಕ್ ತುಂಬಿದ ಲಸಿಕೆ ಡಬ್ಬ, ಹೆಗಲಿಗೆ ಚೀಲ. ಮೊದಲನೇ ಮನೆಯಲ್ಲೇ ತಕರಾರು. "ಗಬ್ಬದ ಹಸ ಕಣವ್ವ, ಬ್ಯಾಡ." ಎರಡನೇ ಮನೆಯಲ್ಲಿ, "ಸೂಜಿ ಹಾಕಿದ್ರೆ ಹಾಲು ಕಮ್ಮಿ ಆಯ್ತದೆ." ಡಾಕ್ಟ್ರಮ್ಮ ಸುಳ್ಳು ಹೇಳಲ್ಲ. "ಹೌದಜ್ಜ, ಒಂದೆರಡು ದಿನ ಕಮ್ಮಿ ಆಗ್ತದೆ. ರೋಗ ಬಂದ್ರೆ ಕೆಚ್ಚಲೇ ಬತ್ತೋಗ್ತದೆ. 2013 ಮರೆತ್ರಾ?" ಆ ವರ್ಷ ಹಳೇ ಮೈಸೂರು ಕಡೆಯೆಲ್ಲಾ ಕಾಲುಬಾಯಿ ಬಂದು ಸಾವಿರಾರು ದನ ಸತ್ತಿದ್ದು ಅಜ್ಜನಿಗೆ ನೆನಪಿತ್ತು. ಹಗ್ಗ ಹಿಡಿದ.

ಸೂಜಿ ಹಾಕಿದರೆ ಮುಗೀಲಿಲ್ಲ. ಕಿವಿಯಲ್ಲಿ ಹಳದಿ ಓಲೆ ಇದೆಯಲ್ಲ, ಅದರ ಮೇಲಿರೋ 12 ಅಂಕಿಯನ್ನು ಮೊಬೈಲ್ ಆ್ಯಪಿಗೆ ಹಾಕಬೇಕು. ಕೈಯಲ್ಲಿ ಸೆಗಣಿ, ಓಲೆ ಮೇಲೂ ಸೆಗಣಿ, ಹಟ್ಟಿಯಲ್ಲಿ ನೆಟ್‌ವರ್ಕ್ ಇಲ್ಲ. ಅವಳು ಅಂಕಿಗಳನ್ನು ಪುಸ್ತಕದಲ್ಲಿ ಬರಕೊಂಡು ರಾತ್ರಿ ಕೂತು ತುಂಬಿಸ್ತಾಳೆ. ಹತ್ತು ವರ್ಷದಿಂದ ಆ್ಯಪ್ ಬರೆದು ಹೊಟ್ಟೆ ಹೊರೆಯೋನು ನಾನು. ಅವತ್ತು ಬೆಳಿಗ್ಗೆ ಹಟ್ಟಿಯಲ್ಲಿ ನಿಂತು ನಾಚಿಕೆ ಆಯಿತು. ಯಾವುದೋ ಎಸಿ ರೂಮಲ್ಲಿ ಕೂತು ಡ್ರಾಪ್‌ಡೌನ್ ಇಡೋ ನಮಗೆ, ಒತ್ತೋ ಬೆರಳಲ್ಲಿ ಏನು ಮೆತ್ತಿರುತ್ತೆ ಅಂತ ಗೊತ್ತಿರಲ್ಲ.

ಒಂಬತ್ತಕ್ಕೆ ಆಸ್ಪತ್ರೆ. ಹೊಟ್ಟೆ ಉಬ್ಬಿದ ಮೇಕೆ, ಪಾರ್ವೋ ಬಂದು ರಕ್ತ ಕಕ್ಕೋ ಮರಿನಾಯಿ, ಮರಿ ಅಡ್ಡ ಸಿಕ್ಕ ಕುರಿ. ಕುರಿಗಾಹಿ ಒಬ್ಬರು ನನ್ನ ಹತ್ತಿರ ಬಂದು, "ಮೊದಲು ಹೆಣ್ಣುಡ್ಗಿ ಏನ್ ಮಾಡಾಳು ಅಂತಿದ್ವಿ ಸಾ. ಸಣ್ ಕೈ, ಕುರಿ ಒಳಕ್ಕೆ ಸಲೀಸಾಗಿ ಹೋಯ್ತದೆ. ಹಿಂದಿನ ಡಾಕ್ಟ್ರು ಕೈ ಹೋಯ್ತನೇ ಇರ್ಲಿಲ್ಲ" ಅಂದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನ್ನ ಮ್ಯಾನೇಜರು ನನಗೆ ಯಾವತ್ತೂ ಕೊಟ್ಟಿಲ್ಲ. ನಡುವೆ ಸಾಲದ ಹಸುವಿಗೆ ಬೆಲೆ ಕಟ್ಟಿ ಸರ್ಟಿಫಿಕೇಟ್ ಕೊಡು ಅಂತ ಒಬ್ಬರು. ಮೀಟಿಂಗಿಗೆ ಅಂಕಿಅಂಶ ಕಳಿಸಿ ಅಂತ ಮೇಲಿನಿಂದ ಫೋನು, ಅದೂ ಮೂರು ಸಲ.

ಒಬ್ಬ ರೈತ, ಕುಂಟೋ ಎತ್ತಿಗೆ ಮೆಡಿಕಲ್ ಶಾಪಿನಿಂದ ಯಾವುದೋ ನೋವಿನ ಇಂಜೆಕ್ಷನ್ ತಾನೇ ತಂದು ಚುಚ್ಚಿಸಿದ್ದ. ಅವಳು ಬಾಟಲಿ ಇಸ್ಕೊಂಡು ನೋಡಿ ರೇಗಿದಳು. ಮನುಷ್ಯರ ಡೈಕ್ಲೋಫಿನ್ಯಾಕ್. ದನಕ್ಕೆ ಅದನ್ನು ಕೊಡೋದು 2006ರಿಂದಲೇ ನಿಷೇಧ. ಯಾಕೆ ಅಂತ ನಮಗೆಷ್ಟು ಜನಕ್ಕೆ ಗೊತ್ತು? ಆ ಔಷಧಿ ಮೈಯಲ್ಲಿರೋ ದನ ಸತ್ತಾಗ ತಿಂದ ರಣಹದ್ದಿಗೆ ಕಿಡ್ನಿ ಹೋಗುತ್ತೆ. ನಮ್ಮ ದೇಶದ ಹದ್ದುಗಳು ಹಾಗೇ ಹೋಗಿದ್ದು. ವಾರಾಂತ್ಯಕ್ಕೆ ರಾಮನಗರದ ಬೆಟ್ಟಕ್ಕೆ ಹೋಗಿ 'ಶೋಲೆ' ಜಾಗ ಅಂತ ಸೆಲ್ಫಿ ತಗೋತೀವಲ್ಲ, ಅದೇ ರಾಮದೇವರ ಬೆಟ್ಟ ರಣಹದ್ದು ಧಾಮ. ಆ ಹದ್ದು ಉಳಿಯೋದು ಬಿಡೋದು ಇಂಥ ಒಂದು ಕೊಟ್ಟಿಗೆಯ ಮುಂದೆ, ಯಾವ ಬಾಟಲಿ ತೆಗೀತಾರೆ ಅನ್ನೋದರ ಮೇಲೆ ನಿಂತಿದೆ.

ಮಧ್ಯಾಹ್ನ ಒಂದೂಕಾಲು. ಊಟದ ಡಬ್ಬಿ ತೆಗೆದಿದ್ದಳು, ಫೋನು ಬಂತು. ಮುಂಚಿನ ದಿನ ಈದ ಎಚ್‌ಎಫ್ ಹಸು ಮೇಲೇಳ್ತಿಲ್ಲ. ಹೋದೆವು. ಹಸು ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿತ್ತು. ಕಿವಿ ಮುಟ್ಟಿ ನೋಡು ಅಂದಳು. ಐಸಿನ ಹಾಗಿತ್ತು. ಮೂತಿ ಒಣಗಿತ್ತು. ಹಾಲು ಜ್ವರ. ಹೆಸರಿಗೆ ಜ್ವರ, ಮೈ ಮಾತ್ರ ತಣ್ಣಗೆ. ಕರು ಹಾಕಿದ ತಕ್ಷಣ ರಕ್ತದ ಕ್ಯಾಲ್ಸಿಯಂ ಎಲ್ಲಾ ಕೆಚ್ಚಲಿಗೆ ಇಳಿದು ಹಸು ನಿತ್ರಾಣ ಆಗೋದು. ಅವಳು ಕ್ಯಾಲ್ಸಿಯಂ ಬಾಟಲಿಯನ್ನು ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿ, ಕತ್ತಿನ ನರಕ್ಕೆ ಸೂಜಿ ಏರಿಸಿ, ನನ್ನ ಕೈಗೆ ಬಾಟಲಿ ಕೊಟ್ಟಳು. "ಎತ್ತರಕ್ಕೆ ಹಿಡೀಬೇಡ. ಜೋರಾಗಿ ಹೋದ್ರೆ ಹಾರ್ಟ್ ನಿಂತೋಗ್ತದೆ." ತಾನು ಎದೆಗೆ ಸ್ಟೆಥಾಸ್ಕೋಪ್ ಇಟ್ಟು ಕೂತಳು. 450 ಎಂಎಲ್. ಕೈ ನಡುಗುತ್ತಿತ್ತು ನನಗೆ. ಅರ್ಧ ಬಾಟಲಿ ಆಗೋ ಹೊತ್ತಿಗೆ ಹಸುವಿನ ಮೈ ಸಣ್ಣಗೆ ನಡುಗಿತು. ಆಮೇಲೆ ದೊಡ್ಡದಾಗಿ ತೇಗಿತು. ಮೂತಿ ಮೇಲೆ ಬೆವರಿನ ಹನಿ ಮೂಡಿತು. ಸೆಗಣಿ ಹಾಕಿತು. ಇಪ್ಪತ್ತು ನಿಮಿಷಕ್ಕೆ ಎದ್ದು ನಿಂತಿತು. ಮನೆಯಾಕೆ ಓಡಿ ಹೋಗಿ ಕುಂಕುಮ ತಂದು ಮೊದಲು ಹಸುವಿಗೆ, ಆಮೇಲೆ ಡಾಕ್ಟ್ರಮ್ಮನಿಗೆ ಇಟ್ಟರು.

ನಾನು ಮಾತಾಡೋ ಸ್ಥಿತಿಯಲ್ಲಿ ಇರಲಿಲ್ಲ.

ಯಾಕಂದ್ರೆ ಐದಾರು ವರ್ಷದ ಹಿಂದೆ ನಮ್ಮ ಅಮ್ಮನ ಹಸು ಇದೇ ಥರ ಕತ್ತು ತಿರುಗಿಸಿ ಮಲಗಿತ್ತು. ಅಮ್ಮ ರಾತ್ರಿ ಹತ್ತಕ್ಕೆ ಬೆಂಗಳೂರಿಗೆ ಫೋನ್ ಮಾಡಿದರು. ನಾನು ಡಾಕ್ಟ್ರ ನಂಬರ್ ಹುಡುಕಿ ಆರು ಸಲ ಮಾಡಿದೆ. ಆರನೇ ಸಲ ಎತ್ತಿದ ಅವರು, ಬೇರೆ ಊರಲ್ಲಿ ಎಮ್ಮೆಗೆ ಮೈ ಹೊರಗೆ ಬಂದಿದೆ, ಕೈ ಬಿಡೋಕಾಗಲ್ಲ, ಮುಗಿಸಿ ಬರ್ತೀನಿ ಅಂದರು. ನಾನು ಕೋರಮಂಗಲದ ರೂಮಿನ ಬಾಲ್ಕನಿಯಲ್ಲಿ ನಿಂತು, "ಸಂಬಳ ತಗೊಳಲ್ವೇನ್ರೀ ನೀವು? ನಮ್ಮ ಟ್ಯಾಕ್ಸು ಕಣ್ರೀ ಅದು" ಅಂತ ಕೂಗಾಡಿದೆ. ಅವರು ಬಂದಿದ್ದು ಮೂರು ಗಂಟೆಗೆ. ಹಸು ಸತ್ತಿತ್ತು. ಈ ಕತೆಯನ್ನು ಎಷ್ಟೋ ವರ್ಷ ಆಫೀಸಿನ ಕ್ಯಾಂಟೀನಿನಲ್ಲಿ, ಸರ್ಕಾರಿ ಡಾಕ್ಟ್ರು ಹೇಗಿರ್ತಾರೆ ನೋಡಿ ಅಂತ ಹೇಳ್ಕೊಂಡು ಬಂದಿದ್ದೀನಿ.

ಡಾಕ್ಟ್ರಮ್ಮನಿಗೂ ಹೇಳಿದೆ. ಅವಳು ಸ್ಕೂಟಿ ಓಡಿಸ್ತಾ ಎರಡೇ ಪ್ರಶ್ನೆ ಕೇಳಿದಳು. "ಹಸ ಬಿದ್ದಿದ್ದು ಎಷ್ಟೊತ್ತಿಗೆ?" ಬೆಳಿಗ್ಗೆಯೇ ಎಡವ್ತಾ ಇತ್ತಂತೆ, ಮಧ್ಯಾಹ್ನ ಊರಿನ ಯಾರೋ ಕಾಂಪೌಂಡರ್ ಇಂಜೆಕ್ಷನ್ ಕೊಟ್ಟಿದ್ದನಂತೆ. "ಆ ಡಾಕ್ಟ್ರು ಅವತ್ತು ಎಷ್ಟೊತ್ತಿಗೆ ಎದ್ದಿದ್ರು, ಕೇಳಿದ್ಯಾ?" ಕೇಳಿರಲಿಲ್ಲ.

ಅವತ್ತು ರಾತ್ರಿ ಹನ್ನೊಂದಕ್ಕೆ ಮತ್ತೆ ಫೋನು. ಚೊಚ್ಚಲ ಕಡಸು, ಕರುವಿನ ಮುಂಗಾಲೆರಡೂ ಹೊರಗೆ, ತಲೆ ಹಿಂದಕ್ಕೆ ಮಡಚಿಕೊಂಡಿದೆ. ಬಾಲದ ಬುಡಕ್ಕೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು, ಕರುವನ್ನು ಒಳಕ್ಕೆ ತಳ್ಳಿ, ತಲೆಯನ್ನು ಹುಡುಕಿ ತಿರುಗಿಸಬೇಕು. ಕಡಸು ಮುಕ್ಕಿದಾಗೆಲ್ಲಾ ಅವಳ ತೋಳು ಅದರ ಸೊಂಟದ ಮೂಳೆಗೂ ಕರುವಿಗೂ ನಡುವೆ ಸಿಕ್ಕಿ ನಜ್ಜುಗುಜ್ಜಾಗೋದು. ಹಲ್ಲು ಕಚ್ಚಿಕೊಂಡು ನಿಲ್ಲೋಳು, ಬಿಟ್ಟಾಗ ಮತ್ತೆ ಹುಡುಕೋಳು. ಉದ್ದದ ಪ್ಲಾಸ್ಟಿಕ್ ಗ್ಲೌಸು ಯಾವಾಗಲೋ ಹರಿದಿತ್ತು. ನಾನು ಟಾರ್ಚ್ ಹಿಡಿದಿದ್ದೆ, ಇನ್ನಿಬ್ಬರು ಹಗ್ಗ. ಒಂದೂಮುಕ್ಕಾಲಿಗೆ ಕರು ಬಂತು. ಸತ್ತಿತ್ತು. "ಹೆಣ್ಗರು ಆಗಿತ್ತಲ್ಲವ್ವ" ಅಂತ ಮನೆಯ ಯಜಮಾನ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಅವಳು ಕಡಸಿನ ಕಡೆ ತಿರುಗಿದಳು. ಅದನ್ನು ಉಳಿಸಬೇಕಿತ್ತಲ್ಲ. ಕೈ ತೊಳೆಯೋಕೆ ಬಿಸಿನೀರು ಕೇಳಿದಾಗ ತೋಳಿನ ಮೇಲೆ ನೀಲಿಗಟ್ಟಿದ್ದು ಟಾರ್ಚ್ ಬೆಳಕಲ್ಲಿ ಕಾಣಿಸ್ತು. ಹೊರಡುವಾಗ ಯಜಮಾನ ಎರಡು ತೆಂಗಿನಕಾಯಿ ತಂದು ಸ್ಕೂಟಿಯಲ್ಲಿಟ್ಟ. ಮಾರನೇ ಬೆಳಿಗ್ಗೆ ಐದೂವರೆಗೆ ಮತ್ತೆ ಲಸಿಕೆ.

ಈಗ ನಮ್ಮ ವಿಷಯಕ್ಕೆ ಬರೋಣ. ನನ್ನ ಟೀಮಲ್ಲೂ ಆನ್‌ಕಾಲ್ ಇದೆ. ಎಂಟು ಜನರಿಗೆ ಸರದಿ, ಎರಡು ತಿಂಗಳಿಗೊಂದು ವಾರ. ನಾನು ಎತ್ತದಿದ್ದರೆ ಎರಡನೆಯವನಿಗೆ ಹೋಗುತ್ತೆ, ಅವನೂ ಎತ್ತದಿದ್ದರೆ ಮ್ಯಾನೇಜರಿಗೆ. ರಾತ್ರಿ ಎದ್ದರೆ ಮಾರನೇ ದಿನ ಲೇಟಾಗಿ ಬರಬಹುದು. ಸರ್ವರ್ ಬಿದ್ದರೆ 'ಪೋಸ್ಟ್‌ಮಾರ್ಟಮ್' ಅಂತ ಒಂದು ಮೀಟಿಂಗ್ ಮಾಡ್ತೀವಿ, ಯಾರನ್ನೂ ದೂರಬಾರದು ಅನ್ನೋದು ಅದರ ಮೊದಲ ನಿಯಮ. ಅಲ್ಲಿ ಯಾರೂ ಸತ್ತಿರಲ್ಲ. ಡಾಕ್ಟ್ರಮ್ಮ ಮಾಡೋ ಪೋಸ್ಟ್‌ಮಾರ್ಟಮ್ ನಿಜವಾದದ್ದು. ವಿಮೆ ಹಣಕ್ಕಾಗಿ ಮಟಮಟ ಮಧ್ಯಾಹ್ನ ಹೊಲದಲ್ಲಿ ಸತ್ತ ಹಸುವನ್ನು ಕೊಯ್ದು ವರದಿ ಬರೀಬೇಕು, ಪಕ್ಕದಲ್ಲಿ ಮನೆಯವರು ಅಳ್ತಾ ನಿಂತಿರ್ತಾರೆ. ನೆರಡಿ ರೋಗದ ಅನುಮಾನ ಬಂದರೆ ಕೊಯ್ಯಲೂಬಾರದು, ಆ ರೋಗಾಣು ಮಣ್ಣಲ್ಲಿ ವರ್ಷಗಟ್ಟಲೆ ಬದುಕುತ್ತೆ. ಕೊಯ್ಯಲ್ಲ ಅಂದರೆ "ದುಡ್ಡು ಕೇಳೋಕೆ ಹಿಂಗಾಡ್ತಾಳೆ" ಅನ್ನೋ ಮಾತು ಬರುತ್ತೆ. ಅವಳಿಗೆ ಸರದಿ ಇಲ್ಲ. ಎರಡನೆಯವನು ಇಲ್ಲ. ಅವಳ ರಿಜಿಸ್ಟರಿನ ಲೆಕ್ಕದಲ್ಲಿ ಎರಡು ಆಸ್ಪತ್ರೆ ಸೇರಿ ದನ ಎಮ್ಮೆಯೇ 11 ಸಾವಿರ ಚಿಲ್ಲರೆ, ಕುರಿ ಮೇಕೆ ಬೇರೆ. 5 ಸಾವಿರ ಜಾನುವಾರು ಘಟಕಕ್ಕೆ ಒಬ್ಬ ಪಶುವೈದ್ಯ ಇರಬೇಕು ಅಂತ ರಾಷ್ಟ್ರೀಯ ಕೃಷಿ ಆಯೋಗ ಹೇಳಿದ್ದು 1976ರಲ್ಲಿ. ನಾನು ಹುಟ್ಟೋಕೆ ಎಷ್ಟೋ ವರ್ಷ ಮೊದಲು.

ಇದನ್ನು ಹೇಳಿದರೆ ಒಂದು ಉತ್ತರ ಸಿದ್ಧವಾಗಿರುತ್ತೆ. "ಮೂಕಪ್ರಾಣಿ ಸೇವೆ, ಪುಣ್ಯದ ಕೆಲಸ." ಈ ಮಾತು ಕೇಳಿದರೆ ನನಗೆ ಈಗ ಮೈ ಉರಿಯುತ್ತೆ. ಪುಣ್ಯಕೋಟಿಯ ಹಾಡು ಕೇಳಿ ಕಣ್ಣೊರೆಸಿಕೊಳ್ಳದ ಕನ್ನಡಿಗ ಇಲ್ಲ. ಆದರೆ ಪುಣ್ಯಕೋಟಿಗೆ ಕಸ ಬೀಳದೇ ಇದ್ದರೆ ಕೈ ಹಾಕೋರು ಯಾರು ಅಂತ ಕೇಳಿದ ಕನ್ನಡಿಗನನ್ನು ನಾನು ನೋಡಿಲ್ಲ. ಪುಣ್ಯ ಸ್ಕೂಟಿಗೆ ಪೆಟ್ರೋಲ್ ಆಗಲ್ಲ ಸ್ವಾಮಿ. ಅವಳು ಸುತ್ತೋ ಪೆಟ್ರೋಲು ಬಹುಪಾಲು ಸ್ವಂತದ್ದು. ಕಂದು ರೋಗ ಇರೋ ಹಸುವಿನ ಕಸ ತೆಗೆಯುವಾಗ ಗ್ಲೌಸ್ ಹರಿದರೆ ಆ ರೋಗ ಇವಳಿಗೂ ಬರಬಹುದು. ಕರುಗಳಿಗೆ ಅದೇ ರೋಗದ ಲಸಿಕೆ ಹಾಕುವಾಗ ಸೂಜಿ ತನಗೇ ಚುಚ್ಚಿದರೂ ಬರಬಹುದು, ಯಾಕಂದ್ರೆ ಅದರಲ್ಲಿರೋದು ಜೀವಂತ ಬ್ಯಾಕ್ಟೀರಿಯಾ. ಬಂದರೆ ಬಿಟ್ಟು ಬಿಟ್ಟು ಬರೋ ಜ್ವರ, ಕೀಲುನೋವು, ವಾರಗಟ್ಟಲೆ ಮಾತ್ರೆ. ಗಂಟಲಲ್ಲಿ ಏನೋ ಸಿಕ್ಕಿದೆ, ಜೊಲ್ಲು ಸುರಿಸ್ತಿದೆ, ಬಾಯಲ್ಲಿ ಕೈ ಹಾಕಿ ನೋಡಿ ಅಂತ ಕರೀತಾರೆ. ನೂರರಲ್ಲಿ ಯಾವುದೋ ಒಂದು ರೇಬೀಸ್ ಆಗಿರುತ್ತೆ. ಇಷ್ಟು ಅಪಾಯದ ಕೆಲಸ ನಮ್ಮ ಕಂಪನಿಗಳಲ್ಲಿದ್ದಿದ್ದರೆ ಅದಕ್ಕೊಂದು ಭತ್ಯೆ, ವಿಮೆ, ತರಬೇತಿ ವಿಡಿಯೋ, ಕೊನೆಗೆ ಒಂದು ಟೀ ಶರ್ಟ್ ಆದರೂ ಇರ್ತಿತ್ತು. ಸೇವೆ ಅಂತ ಕರೆದುಬಿಟ್ಟರೆ ಯಾವುದೂ ಕೊಡಬೇಕಾಗಿಲ್ಲ. ಅದಕ್ಕೇ ಆ ಪದ ಎಲ್ಲರಿಗೂ ಇಷ್ಟ.

ಸರ್ಕಾರಿ ಡಾಕ್ಟ್ರು ಬರೋದೇ ಇಲ್ಲ, ಬಂದರೂ ದುಡ್ಡು ಕೇಳ್ತಾರೆ ಅಂತೀರಾ? ಹೌದು, ಅಂಥವರೂ ಇದ್ದಾರೆ. ನಾನೂ ಕಂಡಿದ್ದೀನಿ. ನಮ್ಮಲ್ಲೂ ಎರಡು ಕಂಪನಿಗೆ ಒಟ್ಟಿಗೆ ಕೆಲಸ ಮಾಡಿ ಸಿಕ್ಕಿಬಿದ್ದವರಿದ್ದಾರೆ, ಅದಕ್ಕೆ ಎಲ್ಲಾ ಇಂಜಿನಿಯರೂ ಕಳ್ಳರು ಅಂತ ಯಾರೂ ಅನ್ನಲಿಲ್ಲ. ಮೂರು ಜನ ಮಾಡೋ ಕೆಲಸವನ್ನು ಒಬ್ಬರ ಮೇಲೆ ಹೇರಿದಾಗ, ಬರಲಾಗದವರು ಯಾರು, ಬರಬಾರದು ಅಂತ ಮಲಗಿದವರು ಯಾರು ಅಂತ ಹೊರಗಿನವರಿಗೆ ಗೊತ್ತಾಗಲ್ಲ. ಸೋಮಾರಿಗೆ ಇದಕ್ಕಿಂತ ಒಳ್ಳೆ ಮರೆ ಇಲ್ಲ. 1962ಕ್ಕೆ ಫೋನ್ ಮಾಡಿದರೆ ಗಾಡಿ ಬರುತ್ತಲ್ಲ ಅಂತ ಇನ್ನೊಬ್ಬರು. ಬರುತ್ತೆ, ಒಳ್ಳೆಯದೇ. ಒಂದು ಲಕ್ಷ ಜಾನುವಾರಿಗೆ ಒಂದು ಗಾಡಿ ಅನ್ನೋದು ಅದರ ಲೆಕ್ಕ. ಒಂದೇ ರಾತ್ರಿ ಎರಡು ಊರಲ್ಲಿ ಎರಡು ಹಸು ಈಯೋಕೆ ಕೂತರೆ ನೀವೇ ಗುಣಾಕಾರ ಮಾಡಿಕೊಳ್ಳಿ.

ಇದೆಲ್ಲ ಹಳ್ಳಿಯವರ ಕಷ್ಟ, ನಮಗೇನು ಅನ್ನೋರು ಬೆಳಿಗ್ಗೆ ಬಾಗಿಲು ತೆಗೆದು ನೀಲಿ ಪ್ಯಾಕೆಟ್ ಎತ್ಕೊಳ್ಳುವಾಗ ಸ್ವಲ್ಪ ಯೋಚಿಸಿ. 2024ರಲ್ಲಿ ಕೆಎಂಎಫ್ ದಿನಕ್ಕೆ ಒಂದು ಕೋಟಿ ಲೀಟರ್ ಹಾಲಿನ ಗಡಿ ದಾಟಿತು ಅಂತ ಎಲ್ಲಾ ಪೇಪರಲ್ಲೂ ಬಂತು. ಡಾಕ್ಟ್ರಮ್ಮ ಅವತ್ತೇ ಹೇಳಿದ ಒಂದು ಲೆಕ್ಕ ಯಾವ ಪೇಪರಲ್ಲೂ ಬರಲಿಲ್ಲ. ಕೆಚ್ಚಲು ಬಾವು ಬಂದ ಹಸುವಿಗೆ ಆಂಟಿಬಯೋಟಿಕ್ ಕೊಟ್ಟರೆ, ಔಷಧಿಗೆ ತಕ್ಕ ಹಾಗೆ ಮೂರೋ ನಾಲ್ಕೋ ದಿನ ಆ ಹಾಲನ್ನು ಡೇರಿಗೆ ಹಾಕಬಾರದು. ದಿನಕ್ಕೆ 12 ಲೀಟರ್ ಕರೆಯೋ ಹಸು, ಲೀಟರಿಗೆ 30 ರೂಪಾಯಿ ಅಂದರೂ ನಾಲ್ಕು ದಿನಕ್ಕೆ 1,440 ರೂಪಾಯಿ ಮಣ್ಣಿಗೆ. ಈ ನಷ್ಟ ಆ ಮನೆಯವರೇ ತುಂಬಿಕೊಳ್ಳಬೇಕು. ಒಂದೇ ಹಸು ಇರೋ ವಿಧವೆ ಹೆಂಗಸಿಗೆ "ಹಾಲು ಚೆಲ್ಲಮ್ಮ" ಅಂತ ಹೇಳಬೇಕಾದವಳು ಇವಳು. ಅವಳು ಹೇಳ್ತಾಳೆ. ಚೆಲ್ಲಿದರೋ ಇಲ್ಲವೋ ಅಂತ ನಿಂತು ನೋಡೋಕೆ ಅವಳಿಗೆ ಪುರುಸೊತ್ತಿಲ್ಲ. ನಮ್ಮ ಮಕ್ಕಳ ಲೋಟಕ್ಕೆ ಏನು ಬರುತ್ತೆ ಅನ್ನೋದು ಆ ಐದು ನಿಮಿಷದ ಮಾತಿನ ಮೇಲಿದೆ. ನಾವು ಮಾತ್ರ ಗಾಜಿನ ಬಾಟಲಿಯ ಎ2 ಹಾಲಿಗೆ ಮೂರು ಪಟ್ಟು ಕೊಟ್ಟು, ಲೇಬಲ್ ಮೇಲಿನ ಗಿಡ್ಡ ಹಸುವಿನ ಚಿತ್ರ ನೋಡಿ ಸಮಾಧಾನ ಪಡ್ತೀವಿ. ಆ ಗಿಡ್ಡ ಹಸುವಿಗೂ ಹೊಟ್ಟೆ ಉಬ್ಬರಿಸುತ್ತೆ.

ನಮ್ಮ ಕಂಪನಿಯಲ್ಲಿ ಹೋದ ವರ್ಷ ಹ್ಯಾಕಥಾನ್ ಆಯಿತು. ಒಂದು ಟೀಮು, ಹಸುವಿನ ಮುಖದ ಫೋಟೋ ನೋಡಿ ರೋಗ ಹೇಳೋ ಎಐ ಮಾಡಿತ್ತು. ಎರಡನೇ ಬಹುಮಾನ. ತೀರ್ಪುಗಾರರಲ್ಲಿ ಒಬ್ಬರಿಗೂ ಒಂದು ಹಸುವನ್ನು ಹಗ್ಗ ಹಿಡಿದು ನಿಲ್ಲಿಸಿ ಗೊತ್ತಿರಲಿಲ್ಲ, ನಾನೂ ಆ ತೀರ್ಪುಗಾರರಲ್ಲಿ ಒಬ್ಬ. ಡಾಕ್ಟ್ರಮ್ಮನಿಗೆ ತೋರಿಸಿದೆ. "ಚೆನ್ನಾಗಿದೆ ಅಣ್ಣ. ರೋಗ ಏನು ಅಂತ ನನಗೆ ಗೊತ್ತಾಗ್ತದೆ. ರಾತ್ರಿ ಇನ್ನೊಬ್ಬರು ಫೋನ್ ಎತ್ತೋ ಹಾಗೆ ಏನಾದ್ರೂ ಮಾಡ್ತೀರಾ?" ಅಂದಳು. ಅದಕ್ಕೆ ಎಐ ಬೇಡ. ಒಂದು ತಾಲೂಕಿನ ನಾಲ್ಕೈದು ಆಸ್ಪತ್ರೆಯ ಡಾಕ್ಟ್ರಿಗೆ ರಾತ್ರಿ ಸರದಿ ಹಾಕಿ, ಸರದಿಯವರಿಗೆ ಒಂದು ಜೀಪು, ಒಬ್ಬ ಡ್ರೈವರ್, ಮಾರನೇ ಬೆಳಿಗ್ಗೆ ರಜೆ ಕೊಟ್ಟು, ಉಳಿದವರ ಫೋನು ಮಲಗೋ ಹಾಗೆ ಮಾಡೋಕೆ ಒಂದು ಎಕ್ಸೆಲ್ ಶೀಟು ಸಾಕು. ಜೊತೆಗೆ ಖಾಲಿ ಹುದ್ದೆ ತುಂಬಬೇಕು. ಅದಕ್ಕೆ ಬಹುಮಾನ ಯಾರೂ ಕೊಡಲ್ಲ ಅಷ್ಟೇ.

ಇದರಲ್ಲಿ ನಾವು ಮಾಡಬಹುದಾದ್ದೂ ಇದೆ. ಹಳ್ಳಿಯಿಂದ ಬಂದು ಇಲ್ಲಿ ಲಿಫ್ಟಲ್ಲಿ ಓಡಾಡ್ತಿರೋ ನನ್ನಂಥವರಿಗೆ ಹೇಳ್ತಿರೋದು. ಊರಲ್ಲಿ ಅಪ್ಪ ಅಮ್ಮನ ಹತ್ತಿರ ಇನ್ನೂ ದನ ಇದ್ದರೆ, ಹಸು ಮೇವು ಬಿಟ್ಟ ದಿನವೇ ಡಾಕ್ಟ್ರಿಗೆ ಹೇಳಿ ಅನ್ನಿ. ಮೂರು ದಿನ ಕಾಂಪೌಂಡರ್ ಕೈಲಿ ಚುಚ್ಚಿಸಿ ನಾಲ್ಕನೇ ರಾತ್ರಿ ಅಲ್ಲ. ಬಂದವರಿಗೆ ಪೆಟ್ರೋಲಿಗೆ ಕೊಡಿ, ಬಿಸಿನೀರು ಸೋಪು ಕೊಡಿ, ದನ ಹಿಡಿಯೋಕೆ ಇಬ್ಬರು ಗಂಡಸರು ಮನೆಯಲ್ಲಿರಿ. ಬೆಂಗಳೂರಿಂದ ಫೋನ್ ಮಾಡಿ ಟ್ಯಾಕ್ಸ್ ಲೆಕ್ಕ ಹೇಳಬೇಡಿ. ಹೆಣ್ಣು ನೋಡೋಕೆ ಹೋದಾಗ ಕೈ ನೋಡಬೇಡಿ.

ಹೋದ ತಿಂಗಳು ರಾತ್ರಿ ಹನ್ನೊಂದೂವರೆಗೆ ಡಾಕ್ಟ್ರಮ್ಮನ ಮೆಸೇಜ್ ಬಂತು. "ಅಣ್ಣ, ನಿನ್ನ ಫ್ರೆಂಡ್ ನಾಯಿ ತೋರಿಸ್ತಾರಲ್ಲ, ಆ ಕ್ಲಿನಿಕ್‌ನಲ್ಲಿ ಡಾಕ್ಟ್ರು ಬೇಕಾ ಕೇಳು. ಸಂಬಳ ಎಷ್ಟು, ರಾತ್ರಿ ಪಾಳಿ ಹೇಗೆ ಅಂತಾನೂ ಕೇಳು." ಓದಿ ಎದೆ ಧಸಕ್ ಅಂತು. ನಾಯಿ ನೋಡೋದು ಕೀಳು ಅಂತ ಅಲ್ಲ, ಆ ಪಾರ್ವೋ ಮರಿಗೆ ಅವಳು ಮೂರು ದಿನ ಡ್ರಿಪ್ ಹಾಕಿದ್ದನ್ನು ನಾನೇ ನೋಡಿದ್ದೀನಿ. ಆ ಕುರಿಗಾಹಿಗಳು, ಕುಂಕುಮ ಇಟ್ಟ ಹೆಂಗಸು ನೆನಪಾದರು. ನೀನು ಬಿಟ್ಟರೆ ಅವರಿಗೆ ಯಾರು ಅಂತ ಟೈಪ್ ಮಾಡಿದೆ. ಕಳಿಸುವ ಮುಂಚೆ ಅಳಿಸಿದೆ. ಇಪ್ಪತ್ತೆರಡಕ್ಕೇ ಬಸ್ ಹತ್ತಿದವನು ನಾನು. ಊರಲ್ಲೇ ಇರು ಅಂತ ಅವಳಿಗೆ ಹೇಳೋಕೆ ನನಗೆ ಯಾವ ಬಾಯಿ ಇದೆ?

ಕ್ಲಿನಿಕ್ಕಿಗೆ ಕೇಳಿದೆ. ಎಂಟು ಗಂಟೆ ಪಾಳಿ, ವಾರಕ್ಕೊಂದು ರಜೆ, ಸಂಬಳ ಈಗಿನದಕ್ಕಿಂತ ಸ್ವಲ್ಪ ಜಾಸ್ತಿ, ರೆಸ್ಯೂಮ್ ಕಳಿಸಿ ಅಂದರು. ಅವಳಿಗೆ ತಿಳಿಸಿದೆ. ಮಾರನೇ ಮಧ್ಯಾಹ್ನ ಉತ್ತರ ಬಂತು. "ಸರಿ ಅಣ್ಣ. ಲಸಿಕೆ ರೌಂಡ್ ಮುಗೀಲಿ. ರೆಸ್ಯೂಮ್ ನೀನೇ ಬರ್ಕೊಡು, ನನಗೆ ಬರಲ್ಲ."

ಮೂರು ವಾರದಿಂದ ಬರೀತಿದ್ದೀನಿ. 'ಅನುಭವ' ಅನ್ನೋ ಕಡೆ ಏನು ಹಾಕ್ಲಿ ಅಂತ ರಾತ್ರಿ ಫೋನ್ ಮಾಡಿ ಒಂದೊಂದೇ ಕೇಳ್ತೀನಿ. ಅರ್ಧಕ್ಕೇ, "ಇರು ಅಣ್ಣ, ಇನ್ನೊಂದು ಕಾಲ್ ಬರ್ತಿದೆ" ಅಂತ ಇಡ್ತಾಳೆ. ನಿನ್ನೆ ಯಾವುದೋ ಎಮ್ಮೆ ಈಯೋಕೆ ಕೂತಿತ್ತಂತೆ.